ಆಯಿಲ್ ವಾಪಸ್ ಬರುವ ಪೈಪು

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋಗೆ ಆಯಿಲ್ ತಂದುಕೊಡುವ ಪೈಪಿನ ತೂತು ಪೆನ್ಸಿಲ್ಲಿಗಿಂತ ಸಣ್ಣದು. ಅದೇ ಆಯಿಲ್ ವಾಪಸ್ ಚೇಂಬರಿಗೆ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಇಳಿಯುವ ಪೈಪಿನೊಳಗೆ ನನ್ನ ಹೆಬ್ಬೆರಳು ಸಲೀಸಾಗಿ ಹೋಗುತ್ತದೆ. ಹೋಗುವ ಆಯಿಲ್ ಎಷ್ಟೋ ಬರುವುದೂ ಅಷ್ಟೇ ತಾನೇ, ಮತ್ತೆ ಯಾಕೆ ಈ ವ್ಯತ್ಯಾಸ? ಕಿಟ್ ಬಿಚ್ಚಿ ಬೆಂಚಿನ ಮೇಲೆ ಹರಡಿಕೊಂಡ ದಿನವೇ ಹೀಗೆ ಕೇಳಿಕೊಂಡಿದ್ದರೆ ನನ್ನ 14,000 ರೂಪಾಯಿ ಉಳಿಯುತ್ತಿತ್ತು, ಒಬ್ಬರ ಹತ್ತಿರ ಫೋನಿನಲ್ಲಿ ಕೂಗಾಡಿದ್ದೂ ತಪ್ಪುತ್ತಿತ್ತು.

ನಂದು ಶಿರಸಿಯಲ್ಲಿ, ಕುಮಟಾ ರಸ್ತೆಯ ಮೇಲೆ ಒಂದು ಸಣ್ಣ ಗ್ಯಾರೇಜು. ಇಪ್ಪತ್ತು ವರ್ಷದಿಂದ ಡೀಸೆಲ್ ಎಂಜಿನ್ ಕೆಲಸ. ಟಾಟಾ 407, 1210 ಲಾರಿ, ತೋಟದ ಪಂಪ್‌ಸೆಟ್ಟು, ಮಳೆಗಾಲದಲ್ಲಿ ಕೆಟ್ಟು ನಿಂತ ಪಿಕಪ್ಪು, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ಈ ಕತೆಯ ಗಾಡಿ ಟಾಟಾ 1210. ಮಾಲೀಕ ಕುಮಟಾ ಕಡೆಯವನು, ಕೆಳಗಿನಿಂದ ಚಿರೆಕಲ್ಲು ಹೇರಿಕೊಂಡು ಘಟ್ಟ ಹತ್ತಿ ಬರುತ್ತಾನೆ. "ದೇವಿಮನೆ ಏರಲ್ಲಿ ಎರಡನೇ ಗೇರಿಗೆ ಬಂದು ಅಳ್ತದೆ ಮಾರಾಯಾ. ಹಿಂದಿಂದ ಹೊಸ ಗಾಡಿಯವ್ರು ಹಾರ್ನ್ ಹೊಡೆದು ಹೊಡೆದು ನಂಗೆ ನಾಚಿಕೆ" ಅಂತ ಒಂದು ದಿನ ಟರ್ಬೋ ಕಿಟ್ಟಿನ ಪೆಟ್ಟಿಗೆಯನ್ನೇ ಹೊತ್ತು ತಂದ.

ಎಂಜಿನ್ 697. ಹೆಸರಲ್ಲೇ ಅರ್ಧ ಜಾತಕ ಇದೆ: ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್, ಅಂದರೆ ಸಿಲಿಂಡರಿನ ಅಗಲ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಸ್ಟ್ರೋಕ್, 128, ಒಟ್ಟು 5,675 ಸಿಸಿ. ಟಾಟಾದವರು 1954ರಿಂದ 1969ರ ತನಕ ಬೆಂಜ್ ಕಂಪನಿ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡುತ್ತಿದ್ದರಲ್ಲ, ಬೆಂಜಿನ ಓಎಂ 352 ಎಂಜಿನ್ನಿಗೂ ಇದೇ ಬೋರು, ಇದೇ ಸ್ಟ್ರೋಕು. ಟರ್ಬೋ ಇದಕ್ಕೆ ಆಗಿಬರುವುದಿಲ್ಲ ಅಂತೇನಿಲ್ಲ, ಮುಂದೆ ಕಂಪನಿಯವರೇ 697 ಟಿಸಿ ಅಂತ ಟರ್ಬೋ ಎಂಜಿನ್ ತಂದರು. ಆದರೆ ಅದು ಟರ್ಬೋಗೆಂದೇ ಹುಟ್ಟಿದ್ದು. ನನ್ನ ಮುಂದೆ ನಿಂತಿದ್ದು ಬರೀ ಮೂಗಿನಲ್ಲಿ ಉಸಿರಾಡಿಕೊಂಡು ಮೂವತ್ತು ವರ್ಷ ಕಲ್ಲು ಹೊತ್ತ ಎಂಜಿನ್.

ಲೆಕ್ಕ ಸರಳ. 2,000 ಆರ್‌ಪಿಎಂನಲ್ಲಿ ಈ ಎಂಜಿನ್ ನಿಮಿಷಕ್ಕೆ ಹೆಚ್ಚೆಂದರೆ 5,600 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಅಷ್ಟು ಗಾಳಿಗೆ ಎಷ್ಟು ಡೀಸೆಲ್ ಉರಿಯುತ್ತದೋ ಅಷ್ಟೇ ಅದರ ತಾಕತ್ತು. ಡೀಸೆಲ್ ಪಂಪ್ ತಿರುಗಿಸಿ ಡೀಸೆಲ್ ಜಾಸ್ತಿ ಕೊಟ್ಟರೆ ಕಪ್ಪು ಹೊಗೆ ಬರುತ್ತದೆ, ಪವರ್ ಬರುವುದಿಲ್ಲ. ಟರ್ಬೋ ಸೈಲೆನ್ಸರಿಗೆ ಹೋಗುವ ಬಿಸಿ ಗಾಳಿಯಲ್ಲೇ ಒಂದು ಫ್ಯಾನು ತಿರುಗಿಸಿ, ಆ ಕಡೆಯ ಇನ್ನೊಂದು ಫ್ಯಾನಿನಿಂದ ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಅರ್ಧ ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಅರ್ಧದಷ್ಟು, ಹೆಚ್ಚು ಒತ್ತಿದರೂ ಈ ವಯಸ್ಸಿನ ಎಂಜಿನ್ನಿಗೆ ಅದು ಹಬ್ಬದೂಟ. ಅದಕ್ಕಿಂತ ಹೆಚ್ಚು ಕೊಡುವ ಆಸೆ ನನಗೂ ಇರಲಿಲ್ಲ.

ಕೆಲಸ ಶುರು ಮಾಡುವ ಮೊದಲು ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ತೆಗೆದು ಅಂಗೈ ಹಿಡಿದೆ. ಬ್ಯಾಕ್ ಕಂಪ್ರೆಶನ್ ಎಷ್ಟಿದೆ ಅಂತ ನಾವು ನೋಡುವುದೇ ಹಾಗೆ. ಪಿಸ್ಟನ್ ರಿಂಗು ಸವೆದಿದ್ದರೆ ಸಿಲಿಂಡರಿನ ಒತ್ತಡ ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಇಲ್ಲಿ ಹೊಗೆಯಾಗಿ ಬುಸುಗುಡುತ್ತದೆ. ಬುಸುಗುಟ್ಟಲಿಲ್ಲ, ಆದರೆ ಅಂಗೈಗೆ ಬೆಚ್ಚಗೆ ಉಸಿರು ತಾಗಿತು. ಈ ವಯಸ್ಸಿಗೆ ಇಷ್ಟು ಸಹಜ ಅಂದುಕೊಂಡು ಮುಚ್ಚಳ ಹಾಕಿದೆ. ಆ ಉಸಿರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜೋಡಿಸಲು ಮೂರು ದಿನ ಹಿಡಿಯಿತು. ಹೊಗೆ ಹೊರಬರುವ ಹಳೆ ಮ್ಯಾನಿಫೋಲ್ಡಿನ ಎರಡು ಸ್ಟಡ್ ತುಂಡಾದವು, ಅದಕ್ಕೇ ಅರ್ಧ ದಿನ. ಹಳೆ ಆಯಿಲ್ ಬಾತ್ ಏರ್ ಫಿಲ್ಟರ್ ತೆಗೆಸಿ ಒಣ ಪೇಪರ್ ಫಿಲ್ಟರ್ ಹಾಕಿಸಿದೆ. ಟರ್ಬೋ ಎಳೆಯುವ ರಭಸಕ್ಕೆ ಆ ಬಟ್ಟಲಿನ ಆಯಿಲ್ಲೇ ಮೇಲೆದ್ದು ಬರುತ್ತದೆ. ಫಿಲ್ಟರಿನಿಂದ ಟರ್ಬೋ ತನಕ ಒಂದೇ ಒಂದು ಕ್ಲಾಂಪ್ ಸಡಿಲ ಇದ್ದರೂ ಕೆಂಪು ಧೂಳು ಒಳಗೆ ಹೋಗುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಫ್ಯಾನಿಗೆ ಧೂಳು ತಾಗಿದರೆ ಉಪ್ಪುಕಾಗದದಲ್ಲಿ ತಿಕ್ಕಿದ ಹಾಗೆ. ಡೀಸೆಲ್ ಪಂಪನ್ನು ಹುಬ್ಬಳ್ಳಿಗೆ ಒಯ್ದು ಕ್ಯಾಲಿಬ್ರೇಶನ್ ಬೆಂಚಿನ ಮೇಲೆ ಸ್ವಲ್ಪವೇ ಡೀಸೆಲ್ ಹೆಚ್ಚಿಸಿಕೊಂಡು ಬಂದೆ. ಮ್ಯಾನಿಫೋಲ್ಡಿಗೆ ತೂತು ಹೊಡೆದು, ಟರ್ಬೋಗಿಂತ ಮುಂಚೆಯೇ ಹೊಗೆಯ ಬಿಸಿ ತೋರಿಸುವ ಮೀಟರ್ ಕೂರಿಸಿ, ಮುಳ್ಳು 650 ಡಿಗ್ರಿ ದಾಟಿದರೆ ಗೇರ್ ಇಳಿಸಬೇಕು, ಕಾಲು ಎತ್ತಬೇಕು ಅಂತ ಡ್ರೈವರಿಗೆ ಹತ್ತು ಸಲ ಹೇಳಿದೆ. ಪಿಸ್ಟನ್ ಅಲ್ಯುಮಿನಿಯಂನದು, ಅಲ್ಯುಮಿನಿಯಂ ಕರಗುವುದೇ 660ರಲ್ಲಿ. ಪಿಸ್ಟನ್ ಅಷ್ಟು ಬಿಸಿಯಾಗುವುದಿಲ್ಲ ನಿಜ, ಆದರೆ ಮೀಟರಿಲ್ಲದೆ ಹಳೆ ಎಂಜಿನ್ನಿಗೆ ಟರ್ಬೋ ಹಾಕುವವರ ಧೈರ್ಯ ನನಗಿಲ್ಲ.

ಇಷ್ಟೆಲ್ಲ ಜಾಗ್ರತೆ ಮಾಡಿದವನು ಎಡವಿದ್ದು ಒಂದೂವರೆ ಅಡಿ ಹೋಸಿನಲ್ಲಿ.

ಆಯಿಲ್ ವಾಪಸ್ ಬರಲು ಚೇಂಬರಿನ ಪಕ್ಕಕ್ಕೆ, ಆಯಿಲ್ ಮಟ್ಟಕ್ಕಿಂತ ಮೇಲೆ, ಹೋಸ್ ಸಿಕ್ಕಿಸುವ ಒಂದು ನಿಪ್ಪಲ್ ವೆಲ್ಡ್ ಮಾಡಬೇಕಿತ್ತು. ಚೇಂಬರ್ ಇಳಿಸಿ, ವೆಲ್ಡಿಂಗಿಗೆ ಸಲೀಸು ಅಂತ ಸ್ವಲ್ಪ ಹಿಂದೆ ಸಪಾಟಾಗಿದ್ದ ಜಾಗದಲ್ಲಿ ಮಾಡಿಸಿದೆ. ವಾಪಸ್ ಕೂರಿಸಿ ನೋಡಿದರೆ ನಡುವೆ ಎಂಜಿನ್ ಮೌಂಟಿಂಗ್ ಅಡ್ಡ. ಕಿಟ್ಟಿನ ಜೊತೆ ಬಂದ ಹೋಸ್ ತಲುಪಲಿಲ್ಲ. "ಇಷ್ಟು ದುಡ್ಡು ತಗೊಂಡು ಗಿಡ್ಡ ಹೋಸ್ ಕೊಟ್ಟಿದ್ದಾರೆ" ಅಂತ ಬೈದುಕೊಂಡು ಪೇಟೆಯಿಂದ ಉದ್ದದ ರಬ್ಬರ್ ಹೋಸ್ ತಂದು ಮೌಂಟಿಂಗಿನ ಅಡಿಯಿಂದ ತಿರುಗಿಸಿ ಮೇಲಕ್ಕೆ ತಂದು ಕ್ಲಾಂಪ್ ಬಿಗಿದೆ. ಹೋಸ್ ಕೆಳಗಿಳಿದು ಮತ್ತೆ ನಾಲ್ಕು ಬೆರಳಷ್ಟು ಮೇಲೆ ಹತ್ತುತ್ತಿತ್ತು. ಕಣ್ಣಿಗೆ ಕಂಡಿತ್ತು. ತೋಟಕ್ಕೆ ನೀರು ಬಿಡುವ ಪೈಪು ಗುಡ್ಡವನ್ನೇ ಹತ್ತುತ್ತದೆ, ಇದೆಂತ ಮಹಾ ಅಂದುಕೊಂಡೆ.

ಸ್ಟಾಪ್ ಎಳೆದು ಹಿಡಿದು, ಡೀಸೆಲ್ ಇಲ್ಲದೆ ಬರೀ ಸೆಲ್ಫ್ ಹೊಡೆಸಿ ಟರ್ಬೋಗೆ ಆಯಿಲ್ ಬಂದದ್ದು ನೋಡಿಕೊಂಡ ಮೇಲೇ ಸ್ಟಾರ್ಟ್ ಮಾಡಿದ್ದು. ರಾಗಿಹೊಸಳ್ಳಿ ತನಕ ಖಾಲಿ ಗಾಡಿ ಹೊಡೆದೆವು, ಸಣ್ಣಗೆ ಸೀಟಿ ಹಾಕಿದ ಹಾಗೆ ಶಬ್ದ. ಮರುದಿನ ಕತಗಾಲದಿಂದ ಲೋಡು ಹತ್ತಿಸಿದ ಮಾಲೀಕ ದೇವಿಮನೆ ದೇವಸ್ಥಾನದ ಹತ್ತಿರ ನಿಲ್ಲಿಸಿ ಫೋನ್ ಮಾಡಿದ. "ಮೂರನೇ ಗೇರು! ಅರ್ಧ ಘಟ್ಟ ಮೂರನೇ ಗೇರು!" ನಾನೂ ಆ ರಾತ್ರಿ ಸುಖವಾಗಿ ಮಲಗಿದೆ.

ಎಂಟನೇ ದಿನಕ್ಕೆ ಗಾಡಿ ನೀಲಿ ಹೊಗೆ ಬಿಡುತ್ತ ಬಂತು. ಕಪ್ಪಾದರೆ ಡೀಸೆಲ್, ನೀಲಿಯಾದರೆ ಆಯಿಲ್. ಅದರಲ್ಲೂ ಸ್ವಲ್ಪ ಹೊತ್ತು ಐಡಲಿನಲ್ಲಿ ನಿಂತು ಆಮೇಲೆ ಆಕ್ಸಿಲೇಟರ್ ಒತ್ತಿದರೆ ಪೇಟೆಯ ಅರ್ಧ ಬೀದಿ ಮುಚ್ಚುವಷ್ಟು. ಗಾಳಿಯ ಎಲ್ಬೋ ಬಿಚ್ಚಿದೆ, ಒಳಗೆಲ್ಲ ಒದ್ದೆ. ಸೈಲೆನ್ಸರ್ ಕಡೆಯೂ ಜಿಡ್ಡು. ಎರಡು ಫ್ಯಾನನ್ನೂ ಜೋಡಿಸುವ ಶಾಫ್ಟು ಹಿಡಿದು ಅಲ್ಲಾಡಿಸಿದರೆ ಹೊಸದರಷ್ಟೇ ಬಿಗಿ ಇತ್ತು. ಅಲ್ಲೇ ನಿಂತು ಯೋಚಿಸಬೇಕಿತ್ತು. ನಾನು ಸೀಲ್ ಹೋಗಿದೆ ಅಂತ ತೀರ್ಪು ಕೊಟ್ಟು ಕಿಟ್ ಮಾರಿದವರಿಗೆ ಫೋನ್ ಹಚ್ಚಿದೆ. ಆ ಕಡೆಯವನು ಮೆತ್ತಗೆ "ರಿಟರ್ನ್ ಪೈಪ್ ಹೇಗೆ ಹಾಕಿದ್ದೀರಿ ಸಾರ್?" ಅಂದ. ನನಗೆ ಕೆಲಸ ಕಲಿಸಲು ಬರಬೇಡ ಅಂದೆ. ಕೈಯಿಂದ ದುಡ್ಡು ಹಾಕಿ ಬೇರೆ ಕೋರ್, ಅಂದರೆ ಶಾಫ್ಟು ಬೇರಿಂಗು ಇರುವ ಟರ್ಬೋದ ನಡುಭಾಗ, ತರಿಸಿ ಕೂರಿಸಿದೆ. ನಾಲ್ಕು ದಿನಕ್ಕೆ ಮತ್ತೆ ಅದೇ ನೀಲಿ.

ಟರ್ಬೋ ಶಾಫ್ಟಿಗೆ ನಾವು ಅಂದುಕೊಳ್ಳುವ ಹಾಗೆ ರಬ್ಬರ್ ಸೀಲ್ ಇರುವುದಿಲ್ಲ. ಆ ಬಿಸಿಗೆ ರಬ್ಬರ್ ನಿಲ್ಲುವುದೂ ಇಲ್ಲ. ಎರಡೂ ತುದಿಗೆ ಪಿಸ್ಟನ್ ರಿಂಗಿನಂಥ ಒಂದೊಂದು ಲೋಹದ ರಿಂಗು, ಅಷ್ಟೇ. ಆಯಿಲ್ ಬಂದ ಹಾಗೇ ಕೆಳಗಿಳಿದು ಹೋಗುತ್ತಿದ್ದರೆ ಮಾತ್ರ ಅದಕ್ಕೆ ಮರ್ಯಾದೆ. ಇಳಿಯಲು ದಾರಿ ಸಿಗದೆ ನಡುವಿನ ಕೋಣೆ ತುಂಬಿತೋ, ಆಯಿಲ್ ಆಚೀಚೆ ನುಗ್ಗುತ್ತದೆ. ಹೊಸ ಕೋರ್ ಅಲ್ಲ, ಚಿನ್ನದ ಕೋರ್ ಹಾಕಿದರೂ ನುಗ್ಗುತ್ತದೆ.

ನನಗೆ ಇದನ್ನು ತೋರಿಸಿಕೊಟ್ಟವರು ನನಗೆ ಕೆಲಸ ಕಲಿಸಿದ ಮಿಸ್ತ್ರಿ. ಈಗ ಕೆಲಸ ಬಿಟ್ಟಿದ್ದಾರೆ, ಕವಳ ಮಾತ್ರ ಬಿಟ್ಟಿಲ್ಲ. ಬಂದವರು ಟರ್ಬೋ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಹೋಸಿನ ಗುಂಟ ಕೈಯಾಡಿಸಿ, ಕೆಳಗಿನ ಬಾಗಿನಲ್ಲಿ ಬೆರಳು ನಿಲ್ಲಿಸಿದರು. ಬಿಸಿಗೆ ರಬ್ಬರ್ ಮೆತ್ತಗಾಗಿ ಅಲ್ಲಿ ಚಪ್ಪಟೆಯಾಗಿತ್ತು.

"ಇಲ್ಲಿಂದ ಮೇಲೆ ಹತ್ತಲಿಕ್ಕೆ ಯಾರು ನೂಕ್ತಾರೆ?"

"ಆಯಿಲ್ ಪಂಪ್ ಪ್ರೆಶರ್ ಇದೆಯಲ್ಲ."

"ಅದು ಬೇರಿಂಗಿನ ಸಂದಿಯಲ್ಲೇ ಮುಗೀತು. ಆಮೇಲೆ ಬರೋದು ತನ್ನಷ್ಟಕ್ಕೇ ಇಳ್ಕೊಂಡು ಬರೋದು. ಇದು ಪಂಪಿನ ಪೈಪಲ್ಲ ಮಾರಾಯಾ, ದಬ್ಬೆ."

ನಮ್ಮ ಕಡೆ ಗುಡ್ಡದ ಅಬ್ಬಿಯಿಂದ ಮನೆಗೆ ನೀರು ತರಲು ಅಡಿಕೆ ಮರ ಸೀಳಿದ ದಬ್ಬೆ ಇಡುತ್ತಿದ್ದರು. ಒಂದು ಕವಲುಗೂಟ ಎರಡು ಬೆರಳು ತಗ್ಗಿದರೂ ನೀರು ನಡುವೆಯೇ ಚೆಲ್ಲಿ ಹೋಗುತ್ತಿತ್ತು, ಅಂಗಳದ ಹಂಡೆಗೆ ಬರುತ್ತಿರಲಿಲ್ಲ. ಅಜ್ಜಿಮನೆಯಲ್ಲಿ ಆ ಗೂಟ ಸರಿಮಾಡಲು ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತಿದವನು ನಾನೇ.

ಅವರು ಹೋಸ್ ಬಿಚ್ಚಿಸಿ, ಟರ್ಬೋ ಅಡಿಗೆ ಬಾಲ್ದಿ ಇಡಿಸಿ, ಐಡಲಿನಲ್ಲಿ ಅರ್ಧ ನಿಮಿಷ ಎಂಜಿನ್ ಓಡಿಸಿದರು. ತಿಳಿಯಾದ ಆಯಿಲ್ ಧಾರೆಯಾಗಿ ಬೀಳುತ್ತದೆ ಅಂತ ನಾನು ಕಾದಿದ್ದೆ. ಬಂದದ್ದು ನೊರೆ. ಆಗಷ್ಟೇ ಕರೆದ ಹಾಲಿನ ಮೇಲೆ ನಿಲ್ಲುವಂಥ ನೊರೆ, ಬಣ್ಣ ಮಾತ್ರ ಕಪ್ಪು. ಬೊಳಬೊಳ ಅಂತ ಉಗುಳುತ್ತ, ಗುಳ್ಳೆ ಒಡೆಯುತ್ತ ಬಿತ್ತು. ಅಷ್ಟು ವೇಗದ ಶಾಫ್ಟು ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ಗಾಳಿ ಸೇರಿಸಿ ಬಿಡುತ್ತದೆ. ಒಳಗೆ ಹೋಗುವುದು ಒತ್ತಡದಲ್ಲಿ, ಗಟ್ಟಿಯಾಗಿ, ಸಣ್ಣ ಪೈಪಿನಲ್ಲಿ. ಹೊರಗೆ ಬರುವುದು ನೊರೆಯಾಗಿ ಉಬ್ಬಿ, ಬರೀ ತನ್ನ ಭಾರಕ್ಕೆ. ಹೆಬ್ಬೆರಳು ಹೋಗುವಷ್ಟು ಪೈಪು ಯಾಕೆ ಅಂತ ಬಾಲ್ದಿಯೇ ಹೇಳಿತು. ಕಿಟ್ಟಿನ ಹೋಸ್ ಗಿಡ್ಡ ಇದ್ದದ್ದೂ ಅದಕ್ಕೇ, ನೇರವಾಗಿ ಕೆಳಗೆ ಇಳಿಯಲಿ ಅಂತ.

ಚೇಂಬರ್ ಮತ್ತೆ ಇಳಿಸಿದೆ. ಹಳೆ ತೂತು ಮುಚ್ಚಿಸಿ, ನಾಲ್ಕು ಇಂಚು ಮುಂದೆ, ಟರ್ಬೋ ಬುಡಕ್ಕೆ ಸರಿಯಾಗಿ ಹೊಸ ನಿಪ್ಪಲ್. ಮೇಲಿನಿಂದ ಕಬ್ಬಿಣದ ಪೈಪು, ತುದಿಯಲ್ಲಿ ಕಿಟ್ಟಿನದೇ ಗಿಡ್ಡ ಹೋಸ್. ಹೊಗೆ ಮುಕ್ಕಾಲು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಆಗ ಅಂಗೈಗೆ ತಾಗಿದ ಆ ಬೆಚ್ಚಗಿನ ಉಸಿರು ನೆನಪಾಯಿತು. ಆಯಿಲ್ ಇಳಿಯಬೇಕಾದ ಚೇಂಬರಿನೊಳಗೇ ಒತ್ತಡ ತುಂಬಿದ್ದರೆ ಎಷ್ಟು ನೇರ ಪೈಪು ಹಾಕಿದರೇನು, ಕೆಳಗಿನಿಂದ ಊದಿದ ಹಾಗಾಯಿತಲ್ಲ. ಆ ಒತ್ತಡ ಹೊರಗೆ ಹೋಗಲೆಂದೇ ಬ್ರೀದರ್ ಪೈಪು ಇರುವುದು. ಬಿಚ್ಚಿ ನೋಡಿದರೆ ಬಾಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು, ಅರ್ಧ ಒಡೆದದ್ದು. ಅದರ ಹಿಂದೆ ವರ್ಷಗಟ್ಟಲೆಯ ಆಯಿಲ್ ಮಡ್ಡಿ. ಮಳೆಗಾಲದಲ್ಲಿ ಕಲ್ಲಿನ ಕೆಲಸ ನಿಂತು ಗಾಡಿ ಮಾಡಿನ ಕೆಳಗೆ ನಿಂತಾಗ ಹುಳ ಮನೆ ಮಾಡಿಕೊಂಡಿದೆ. ಅಲ್ಲಿಯ ತನಕ ಇದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ, ಟರ್ಬೋ ಬಂದ ಮೇಲೆ ಕೊಟ್ಟಿತು. ಡೀಸೆಲ್ಲಿನಲ್ಲಿ ತೊಳೆದು ಸಲಾಕೆ ಹಾಕಿ ಬಿಡಿಸಿದೆ. ನೀಲಿ ಹೊಗೆ ಅಲ್ಲಿಗೆ ನಿಂತಿತು. ರಿಂಗಿನ ಕೆಲಸ ಬಾಕಿ ಇದೆ, ಮುಂದಿನ ಮಳೆಗಾಲಕ್ಕೆ ಅಂತ ಮಾಲೀಕನಿಗೆ ಹೇಳಿಟ್ಟಿದ್ದೇನೆ.

ಬಿಚ್ಚಿಟ್ಟ ಮೊದಲಿನ ಕೋರ್ ಪೂರ್ತಿ ಕಳಚಿ ನೋಡಿದೆ. ಬೇರಿಂಗಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕಿಟ್ಟಿನವನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. "ಹತ್ತರಲ್ಲಿ ಎಂಟು ಜನ ಹೀಗೇ ಬೈತಾರೆ, ನೀವು ವಾಪಸ್ ಫೋನ್ ಮಾಡಿದ್ರಲ್ಲ" ಅಂತ ನಕ್ಕ. ಮಾಲೀಕ ಎರಡನೇ ಕೋರಿನ ದುಡ್ಡು ಕೊಡುವುದಿಲ್ಲ ಅಂದ, ನ್ಯಾಯವೇ. ಕೂಲಿಯ ಬಾಕಿಗೆ ಒಂದಿಷ್ಟು ಚಿರೆಕಲ್ಲು ಇಳಿಸಿ ಹೋದ, ಗ್ಯಾರೇಜಿನ ಹಿಂದಿನ ಗೋಡೆ ಎದ್ದಿದೆ.

ಮಾಲೀಕನಿಗೆ ಒಂದು ಚಟ ಇತ್ತು. ಘಟ್ಟ ಹತ್ತಿದ ಕೂಡಲೇ ಡೀಸೆಲ್ ಉಳಿಯಲಿ ಅಂತ ಎಂಜಿನ್ ಬಂದ್ ಮಾಡುವುದು. ಕೆಂಡದಂತಿರುವ ಟರ್ಬೋಗೆ ಆಯಿಲ್ ಹಠಾತ್ತಾಗಿ ನಿಂತರೆ ಒಳಗಿದ್ದದ್ದು ಅಲ್ಲೇ ಸುಟ್ಟು ಕರಕಾಗಿ, ಆ ಪೆನ್ಸಿಲ್ ಪೈಪೇ ಕಟ್ಟಿಕೊಳ್ಳುತ್ತದೆ. ಎರಡು ಮೂರು ನಿಮಿಷ ಐಡಲಿನಲ್ಲಿ ಬಿಡು ಅಂದರೆ ಕೇಳುವ ಪೈಕಿ ಅಲ್ಲ. ದೇವಿಮನೆಯಲ್ಲಿ ಕಾಯಿ ಒಡೆಸಿ ಪ್ರಸಾದ ತಗೊಂಡು ಬರುವ ತನಕ ಬಂದ್ ಮಾಡಬೇಡ ಅಂದೆ. ಈಗ ತಪ್ಪದೆ ಮಾಡುತ್ತಾನೆ.

ಕಾಗದದ ವಿಷಯದಲ್ಲಿ ನಾನು ಮೊದಲು ಸಡಿಲ ಇದ್ದೆ. ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿ ಮಾಡಿದ ಕಂಪನಿ ಮೊದಲು ಕೊಟ್ಟ ವಿವರಕ್ಕೂ ತಾಳೆಯಾಗದಂಥ ಬದಲಾವಣೆ ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಈಗ ಕಿಟ್ ಹಿಡಿದು ಬಂದವರಿಗೆ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಕೇಳಿಕೊಂಡು ಬಾ ಅನ್ನುತ್ತೇನೆ, ಅರ್ಧ ಜನ ಅಲ್ಲಿಗೇ ನಿಲ್ಲುತ್ತಾರೆ. ಟರ್ಬೋ ಬಂತು ಅಂತ ಎರಡು ಟನ್ ಹೆಚ್ಚು ಹೇರುವವರೂ ಇದ್ದಾರೆ. ಹತ್ತಲಿಕ್ಕೆ ಟರ್ಬೋ ಇದೆ, ಇಳಿಯುವಾಗ ಬ್ರೇಕು ಅದೇ ಹಳೆಯದು.

ಹೋದ ತಿಂಗಳು ಯಲ್ಲಾಪುರ ಕಡೆಯ ಒಬ್ಬ 407 ತಂದಿದ್ದ, ಅರಬೈಲು ಘಟ್ಟದಲ್ಲಿ ಎಳೆಯುವುದಿಲ್ಲ, ಟರ್ಬೋ ಹಾಕಿಕೊಡಿ ಅಂತ. ಪೆಟ್ಟಿಗೆ ಇಳಿಸುವುದರೊಳಗೆ ಎಂಜಿನ್ ಸ್ಟಾರ್ಟ್ ಮಾಡಿಸಿ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದೆ. ಮುಚ್ಚಳವನ್ನು ತೂತಿನ ಮೇಲೆ ತಲೆಕೆಳಗಾಗಿ ಇಟ್ಟೆ, ಅನ್ನದ ಪಾತ್ರೆಯ ತಟ್ಟೆಯ ಹಾಗೆ ಟಕಟಕ ಕುಣಿಯಿತು. "ರಿಂಗು ಸವೆದಿದೆ, ಮೊದಲು ಸಿಲಿಂಡರ್ ಬೋರ್ ಮಾಡಿಸು, ಟರ್ಬೋ ಆಮೇಲೆ ನೋಡುವ" ಅಂದೆ. ಅವನು ಮುಚ್ಚಳವನ್ನು ಸ್ವಲ್ಪ ಹೊತ್ತು ನೋಡಿದ, ಪೆಟ್ಟಿಗೆ ವಾಪಸ್ ಗಾಡಿಗೆ ಹಾಕಿಕೊಂಡು ಹೋದ.