ಪಾಟ್ಸ್‌ಡಾಮ್‌ನಲ್ಲಿ ಸಿಪಾಯಿ ಮಕ್ಕಳ ಮನೆ

ಬರ್ಲಿನ್‌ನಿಂದ ಎಸ್-7 ರೈಲು ಹತ್ತಿ ಪಾಟ್ಸ್‌ಡಾಮ್‌ಗೆ ಬಂದವರು ಸಾಮಾನ್ಯವಾಗಿ ನೇರ ಸಾನ್‌ಸೂಸಿ ಅರಮನೆಯ ದಾರಿ ಹಿಡಿಯುತ್ತಾರೆ. ಡಿಸೆಂಬರಿನ ಕೊರೆಯುವ ಚಳಿಯಲ್ಲಿ ನಾನು ಮೊದಲು ಹೋದದ್ದು ಡಚ್ಚರ ಕೇರಿಗೆ. ಕೆಂಪಿಟ್ಟಿಗೆಯ 134 ಮನೆಗಳು, ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಕೆಳಗೆ ಕಾಫಿ ಅಂಗಡಿಗಳು. ನನ್ನ ಕಣ್ಣು ಮಾತ್ರ ಮಹಡಿಯ ಕಿಟಕಿಗಳ ಮೇಲೆಯೇ ಇತ್ತು. 18ನೇ ಶತಮಾನದ ಮೊದಲರ್ಧದಲ್ಲಿ ಇಲ್ಲಿ ಸಿಪಾಯಿಗಳನ್ನು ಊರವರ ಮನೆಗಳಲ್ಲೇ ಇಳಿಸುತ್ತಿದ್ದರು.

ಸಿಪಾಯಿ ಮದುವೆಯಾಗಲು ಮೇಲಧಿಕಾರಿಯ ಅಪ್ಪಣೆ ಬೇಕಿತ್ತು. ಅಪ್ಪಣೆ ಸಿಕ್ಕರೂ ಆ ಸಂಬಳದಲ್ಲಿ ಸಂಸಾರ ಸಾಗುತ್ತಿರಲಿಲ್ಲ. ಹೆಂಡತಿ ಕೂಲಿಗೆ ಉಣ್ಣೆ ನೂಲುತ್ತಿದ್ದಳು. ಕವಾಯತು ಮುಗಿಸಿ ಬಂದ ಗಂಡನೂ ಎಷ್ಟೋ ಸಲ ಅದೇ ಕೆಲಸಕ್ಕೆ ಕೂರುತ್ತಿದ್ದ.

ಅಲ್ಲಿಂದ ನಡೆದು ಹಳೆಯ ಸೇನಾ ಅನಾಥಾಲಯಕ್ಕೆ ಬಂದೆ. ಯೂರೋಪೆಲ್ಲ ಜಾಲಾಡಿ, ಹಣ ಸುರಿದು ಎತ್ತರದ ಆಳುಗಳನ್ನು ತನ್ನ ದಂಡಿಗೆ ತರಿಸುತ್ತಿದ್ದ ಪ್ರಷ್ಯಾದ ದೊರೆ ಒಂದನೇ ಫ್ರೆಡ್ರಿಕ್ ವಿಲ್‌ಹೆಲ್ಮ್ 1724ರಲ್ಲಿ ತೆರೆದದ್ದು ಇದನ್ನು. ಅನಾಥಾಲಯ ಎಂಬ ಹೆಸರು ದಾರಿ ತಪ್ಪಿಸುತ್ತದೆ. ಇಲ್ಲಿ ಅಪ್ಪ ಬದುಕಿದ್ದೂ ಸಾಕಲಾಗದೆ ಬಿಟ್ಟುಹೋದ ಮಕ್ಕಳೂ ಇದ್ದರು. ನಮ್ಮ ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಮಾತು ಬರುತ್ತದಲ್ಲ, ಕಾದಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ? ಬಾಗಿಲಲ್ಲಿ ನಿಂತಾಗ ನನಗೆ ಅದೇ ನೆನಪಾಯಿತು. ಸತ್ತವನ ಋಣ ಹೇಗೋ ತೀರೀತು. ದಿನವೂ ಕೋವಿ ಹೊತ್ತು ನಿಂತವನ ಮಗುವಿಗೆ ಗಂಜಿ ಹುಟ್ಟದಿದ್ದರೆ ಅದಕ್ಕೆ ಯಾರು ಹೊಣೆ? ಕೂಲಿ ಕೊಡದ ದೊರೆಯೇ ಎಂದು ನನಗನ್ನಿಸುತ್ತದೆ.

ಒಳಗೆ ಅನ್ನ, ಅಕ್ಷರ, ಪ್ರಾರ್ಥನೆಗಳ ಜೊತೆ ದುಡಿಮೆಯೂ ಇತ್ತು. ಹುಡುಗಿಯರು ಲೇಸ್ ಹೆಣೆಯುತ್ತಿದ್ದರು, ಶ್ರೀಮಂತರ ಕೊರಳಪಟ್ಟಿಗೆ, ತೋಳಂಚಿಗೆ. ಕಿಕ್ಕಿರಿದ ಕೋಣೆಗಳಲ್ಲಿ ಕಜ್ಜಿ, ಕ್ಷಯ. ಏಳು ವರ್ಷಗಳ ಯುದ್ಧದ (1756–63) ಕಾಲಕ್ಕೆ ಮಕ್ಕಳ ಸಂಖ್ಯೆ 2000ದ ಆಸುಪಾಸಿಗೆ ಏರಿತ್ತು.

ಈಗ ಕಾಣುವ ಭವ್ಯ ಕಟ್ಟಡ 1770ರ ದಶಕದ್ದು, ವಾಸ್ತುಶಿಲ್ಪಿ ಕಾರ್ಲ್ ಫಾನ್ ಗೊಂಟಾರ್ಡ್. ಛಾವಣಿಯ ಮೇಲಿನ ಕಂಬಗಳ ಮಂಟಪದಲ್ಲಿ ಚಿನ್ನದ ಲೇಪದ ಕರುಣಾದೇವಿ ನಿಂತಿದ್ದಾಳೆ. 1945ರ ಬಾಂಬ್ ದಾಳಿಯಲ್ಲಿ ಹೋಗಿದ್ದ ಮಂಟಪವನ್ನು 2004ರಲ್ಲಿ ಮತ್ತೆ ಕಟ್ಟಿದರು.

ನಾಲ್ಕು ಗಂಟೆಗೆಲ್ಲ ಬೆಳಕು ಇಳಿಯಿತು. ಕೈಯಲ್ಲಿದ್ದ ನಕ್ಷೆಯ ಬೀದಿ ಹೆಸರುಗಳೂ ನನಗೆ ಕಾಣದಾದವು. ಇಂಥದೇ ಡಿಸೆಂಬರಿನಲ್ಲಿ, ಇದೇ ಬೀದಿಯ ಕಿಟಕಿಗಳ ಹಿಂದೆ, ಸಿಪಾಯಿಯ ಮಗಳು ಕೂದಲೆಳೆಯಂಥ ದಾರ ಹಿಡಿದು ಕೂತಿರುತ್ತಿದ್ದಳು.