ಆ್ಯರೋ ನದಿಯಲ್ಲಿ ಜಾಲಿಸಿದ ಚಿನ್ನ

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಇಳಿದು ಹತ್ತಿದವರು. ಆದರೂ ಮಣ್ಣಿನಲ್ಲಿರುವ ಚಿನ್ನವನ್ನು ನಾನು ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ. ಅಪ್ಪನಿಗೂ ಅದು ಕಾಣುತ್ತಿದ್ದದ್ದು ಅಪರೂಪ. ನಮ್ಮಲ್ಲಿ ಚಿನ್ನ ಬಿಳಿಗಲ್ಲಿನ ಒಳಗೆ ಸಣ್ಣ ಸಣ್ಣ ಕಣವಾಗಿ ಅಡಗಿರುತ್ತದೆ. ಕಲ್ಲನ್ನು ಹಿಟ್ಟಿನಂತೆ ಪುಡಿ ಮಾಡಿ, ಸಯನೈಡ್ ನೀರಿನಲ್ಲಿ ಕರಗಿಸಿ ಅದನ್ನು ತೆಗೆಯುತ್ತಿದ್ದರು.

ಹಾಗಾಗಿ ನಾನು ಮೊದಲ ಸಲ ಅದನ್ನು ನೋಡಿದ್ದು ಕಡಲಾಚೆ, ನ್ಯೂಜಿಲೆಂಡಿನ ಒಟಾಗೊ ಸೀಮೆಯಲ್ಲಿ. ಮಗಳು ಡುನೆಡಿನ್‌ನಲ್ಲಿ ನರ್ಸ್. ಯುಗಾದಿ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಅವಳ ಮನೆಗೆ ಹೋಗಿದ್ದೆ. "ಅಪ್ಪಾ, ಇಲ್ಲೂ ಒಂದು ಕೆಜಿಎಫ್ ಇದೆ, ತೋರಿಸ್ತೀನಿ ಬಾ" ಅಂತ ಎರಡು ದಿನ ರಜೆ ಹಾಕಿ ಆ್ಯರೋಟೌನ್‌ಗೆ ಕರೆದುಕೊಂಡು ಹೋದಳು.

ಆ್ಯರೋ ನದಿ ಅಂದರೆ ದೊಡ್ಡದೇನಲ್ಲ. ನಮ್ಮ ಕಡೆ ಹಳ್ಳ ಅನ್ನಬಹುದು. 1862ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು ಅಂತ ಗೊತ್ತಾಗಿ ಜನ ಮುಗಿಬಿದ್ದರು. ಊರಿನ ಪಕ್ಕದ ಹರಿವಿನಲ್ಲಿ ಈಗಲೂ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಚಿನ್ನ ಹುಡುಕಬಹುದು. ಆದರೆ ಕೈಯಲ್ಲೇ ಕೆಲಸ ಮಾಡಬೇಕು, ಯಂತ್ರ ತರುವ ಹಾಗಿಲ್ಲ. ಅಂಗಡಿಯಲ್ಲಿ ಅಗಲವಾದ ತಟ್ಟೆ, ಒಂದು ಸಣ್ಣ ಸಲಿಕೆ ಬಾಡಿಗೆಗೆ ತಗೊಂಡೆವು. ದಡದ ಮರಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿದ್ದವು. ನೀರಿಗೆ ಕೈ ಇಟ್ಟರೆ ಮೂಳೆಯವರೆಗೂ ಚಳಿ ಇಳಿಯಿತು.

ಮೊದಲು ನಡು ಹೊಳೆಯ ಮರಳನ್ನೇ ತುಂಬಿ ತುಂಬಿ ತೊಳೆದೆ. ಒಂದು ಗಂಟೆ ಕಳೆದರೂ ಏನೂ ಇಲ್ಲ. ಸ್ವಲ್ಪ ಮೇಲೆ ಒಬ್ಬ ಹಿರಿಯರು ಮೊಣಕಾಲುದ್ದ ಬೂಟು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ನಮ್ಮ ಪಾಡು ನೋಡಿ ಅವರೇ ಬಂದರು. "ಚಿನ್ನ ಮಹಾ ಸೋಮಾರಿ. ನೀರು ಎಲ್ಲಿ ಸುಸ್ತಾಗುತ್ತೋ ಅಲ್ಲೇ ಕೂತುಬಿಡುತ್ತೆ" ಅಂದರು. ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಹಿಂದೆ, ತಳದ ಬಂಡೆಯ ಬಿರುಕು, ಇವಿಷ್ಟೇ ಜಾಗ ಅಂತೆ. ಒಂದು ಬಿರುಕಿಗೆ ಚಮಚ ಹಾಕಿ ಕೆರೆಯಲು ಹೇಳಿದರು. ಜಿಗುಟು ಮಣ್ಣು, ಹಾವಸೆ, ಬೆಣಚುಕಲ್ಲು ಎಲ್ಲ ಸೇರಿ ಅರ್ಧ ತಟ್ಟೆ ಆಯಿತು.

ತಟ್ಟೆಯನ್ನು ನೀರಲ್ಲಿ ಮುಳುಗಿಸಿ ಅಡ್ಡಡ್ಡ ಅಲ್ಲಾಡಿಸಬೇಕು. ಭಾರವಾದದ್ದು ತಳಕ್ಕೆ ಇಳಿಯುತ್ತದೆ. ಆಮೇಲೆ ತುಸು ಓರೆ ಮಾಡಿ, ಮೇಲಿನ ಹಗುರ ಮರಳನ್ನು ನೀರಿನ ಜೊತೆ ಆಚೆ ಬಿಡಬೇಕು. ಮತ್ತೆ ಅಲ್ಲಾಡಿಸಬೇಕು, ಮತ್ತೆ ಬಿಡಬೇಕು. ಮಗಳು ತಟಕ್ಕನೆ ಅಂದಳು: "ಅಜ್ಜಿ ರಾಗಿ ಜಾಲಿಸ್ತಿದ್ದ ಹಾಗೇ ಇದೆಯಲ್ಲಪ್ಪಾ!"

ನಿಜ. ಅಮ್ಮ ಪಾತ್ರೆಯಲ್ಲಿ ರಾಗಿ ಹಾಕಿ, ನೀರು ಬಿಟ್ಟು, ಮಣಿಕಟ್ಟು ತಿರುಗಿಸಿ ತಿರುಗಿಸಿ ಕಾಳನ್ನು ಇನ್ನೊಂದು ಪಾತ್ರೆಗೆ ಇಳಿಸುತ್ತಿದ್ದಳು. ಕಲ್ಲು ತಳದಲ್ಲಿ ಉಳಿಯುತ್ತಿತ್ತು. ಅದು ನೆನಪಾದ ಮೇಲೆ ಕೈ ತಾನಾಗೇ ದಾರಿಗೆ ಬಂತು. ಕೊನೆಗೆ ತಟ್ಟೆಯ ಅಂಚಲ್ಲಿ ಒಂದು ಚಿಟಿಕೆ ಕಪ್ಪು ಮರಳು ಉಳಿಯಿತು. ಅದು ಕಬ್ಬಿಣದ ಅಂಶ ಇರುವ ಮರಳು. ಸಾಮಾನ್ಯ ಮರಳಿಗಿಂತ ಎರಡು ಪಟ್ಟು ಭಾರ. ಚಿನ್ನ ಸುಮಾರು ಏಳು ಪಟ್ಟು. ಒಂದಿಷ್ಟು ನೀರನ್ನು ಮೆಲ್ಲಗೆ ಅದರ ಮೇಲೆ ಓಡಿಸಿದೆ. ಕಪ್ಪು ಮುಂದೆ ಸರಿಯಿತು, ಹಳದಿಯದೊಂದು ಹಿಂದೆ ನಿಂತಿತು. ಮೀನಿನ ಹುರುಪೆಯಷ್ಟು ತೆಳ್ಳಗೆ, ಸಾಸಿವೆಗಿಂತ ಚಿಕ್ಕದು. ತಟ್ಟೆಯನ್ನು ನೆರಳಿಗೆ ಹಿಡಿದೆ. ಅಲ್ಲೂ ಅದೇ ಹಳದಿ. ಹಿರಿಯರು ನಕ್ಕು "ಇದು ಅಸಲಿ. ಬರೀ ಮಿಂಚುವುದಾದರೆ ನೆರಳಲ್ಲಿ ಸಾಯುತ್ತೆ" ಅಂದರು. ಅಷ್ಟು ಹೊತ್ತಿಗೆ ನನ್ನ ಕಣ್ಣು ತುಂಬಿತ್ತು. ಅಪ್ಪ ಇಡೀ ಬದುಕು ಹುಡುಕಿಕೊಂಡು ಇಳಿದದ್ದು ಇದನ್ನೇ ಅಲ್ವಾ?

ಆ ಹಿರಿಯರ ಬಳಿ ಸ್ಲೂಸ್ ಬಾಕ್ಸ್ ಇತ್ತು. ತೋಳುದ್ದದ ಅಲ್ಯೂಮಿನಿಯಂ ದೋಣಿ. ತಳದಲ್ಲಿ ಒರಟು ಚಾಪೆ, ಅದರ ಮೇಲೆ ಅಡ್ಡಪಟ್ಟಿಗಳು. ಹೊಳೆಯಲ್ಲಿ ಸ್ವಲ್ಪ ಇಳಿಜಾರಾಗಿ ಇಟ್ಟು, ಮೇಲ್ತುದಿಯಲ್ಲಿ ಮಣ್ಣು ಸುರಿದರೆ ನೀರೇ ತೊಳೆದುಕೊಂಡು ಹೋಗುತ್ತದೆ. ಪ್ರತಿ ಪಟ್ಟಿಯ ಹಿಂದೆ ನೀರು ಸಣ್ಣಗೆ ಸುಳಿ ತಿರುಗುತ್ತದೆ, ಭಾರದ್ದು ಅಲ್ಲೇ ಚಾಪೆಗೆ ಸಿಕ್ಕಿಕೊಳ್ಳುತ್ತದೆ. ಜಾಸ್ತಿ ಇಳಿಜಾರು ಕೊಟ್ಟರೆ ಚಿನ್ನವೂ ಹೋಗುತ್ತದೆ, ಕಡಿಮೆ ಕೊಟ್ಟರೆ ಮರಳು ಕಟ್ಟಿಕೊಳ್ಳುತ್ತದೆ. ಕೆಲಸವೆಲ್ಲ ಆ ಹದದಲ್ಲೇ ಇದೆ.

ಎಲ್ಲಿಯವರು ಅಂತ ಕೇಳಿದರು. ಕೋಲಾರ ಅಂದೆ. ಅವರಿಗೆ ಗೊತ್ತಿರಲಿಲ್ಲ. ಆಗ ಮೈಕೆಲ್ ಲವೆಲ್ ಕಥೆ ಹೇಳಿದೆ. ಐರ್ಲೆಂಡಿನ ಸೈನಿಕ. ಇದೇ ನ್ಯೂಜಿಲೆಂಡಿನಲ್ಲಿ ಮಾವೋರಿಗಳ ವಿರುದ್ಧದ ಯುದ್ಧಕ್ಕೆ ಬಂದವನು, ಚಿನ್ನದ ರುಚಿ ಹತ್ತಿಸಿಕೊಂಡದ್ದೂ ಇಲ್ಲೇ. ನಿವೃತ್ತಿಯಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ. 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರಕ್ಕೆ ಹೋಗಿ ಹುಡುಕಿದ. 1873ರಲ್ಲಿ ಮೈಸೂರು ಸರ್ಕಾರದ ಲೈಸೆನ್ಸ್ ಪಡೆದ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಅವನ ಹೆಸರಿನದೇ. "ಅಂದರೆ ನಿಮ್ಮ ಗಣಿಯ ಬೀಜ ನಮ್ಮ ಹೊಳೆಯದು" ಅಂತ ಹಿರಿಯರು ಬಹಳ ಖುಷಿಪಟ್ಟರು.

ಆದರೆ ಆ ಮಾತು ಪೂರ್ತಿ ಸರಿಯಲ್ಲ ಅಂತ ನನಗೆ ಗೊತ್ತಿತ್ತು. ಲವೆಲ್ ಕೋಲಾರಕ್ಕೆ ಹೋದದ್ದು ಬ್ರಿಟಿಷ್ ಅಧಿಕಾರಿ ಜಾನ್ ವಾರೆನ್ ಬರೆದಿಟ್ಟದ್ದನ್ನು ಓದಿ. ಸರ್ವೆಗೆ ಬಂದ ವಾರೆನ್ 1802ರಲ್ಲಿ ನಮ್ಮ ಕೆಜಿಎಫ್‌ನ ಉರಿಗಾಂ ಬಳಿ ಬಹುಮಾನ ಕೊಡುತ್ತೇನೆ ಅಂದಾಗ, ಊರಿನವರು ಗಾಡಿಗಟ್ಟಲೆ ಮಣ್ಣು ತಂದು ಅವನ ಎದುರೇ ತೊಳೆದು ಚಿನ್ನ ತೋರಿಸಿದರು. 56 ಕಿಲೋ ಮಣ್ಣಿಗೆ ಸಿಕ್ಕದ್ದು ಅರ್ಧ ಗುಲಗಂಜಿ ತೂಕ. ಮಣ್ಣು ತೊಳೆದು ಚಿನ್ನ ತೆಗೆಯುವವರಿಗೆ ಜಲಗಾರರು ಅನ್ನುವ ಹೆಸರೇ ನಮ್ಮ ಭಾಷೆಯಲ್ಲಿದೆ. ಕೆಲಸ ಹಳೆಯದಲ್ಲದಿದ್ದರೆ ಹೆಸರು ಎಲ್ಲಿಂದ ಬರುತ್ತದೆ?

ಹಿಂದಿನ ದಿನ ದಾರಿಯಲ್ಲಿ ಕ್ರಾಮ್‌ವೆಲ್ ಪಕ್ಕದ ಬ್ಯಾನಕ್‌ಬರ್ನ್ ನೋಡಿದ್ದೆವು. ಅಲ್ಲಿ ತಟ್ಟೆ, ದೋಣಿ ಸಾಲದೆ ಗುಡ್ಡವನ್ನೇ ನೀರಿನಿಂದ ಕರಗಿಸಿದ್ದಾರೆ. ದೂರದ ಬೆಟ್ಟದಿಂದ ಕಾಲುವೆ ತೋಡಿ ನೀರು ತಂದು, ಮೇಲೆ ಕಟ್ಟೆ ಕಟ್ಟಿ ನಿಲ್ಲಿಸಿ, ಒಮ್ಮೆಲೇ ಗುಡ್ಡದ ಮೈಮೇಲೆ ಬಿಡುತ್ತಿದ್ದರಂತೆ. ಉಳಿದಿರುವುದು ಬೋಳು ಮಣ್ಣಿನ ಗೋಡೆಗಳು, ಕೊರಕಲುಗಳು, ಹರಡಿದ ಕಲ್ಲುರಾಶಿ. ನನಗೆ ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿ ಸುರಿದ ನಮ್ಮೂರ ಸಯನೈಡ್ ದಿಬ್ಬಗಳೇ ಕಣ್ಣಿಗೆ ಕಟ್ಟಿದವು. ಗಾಳಿಗೆ ಆ ಬಿಳಿ ಧೂಳು ಎದ್ದರೆ ಅಮ್ಮ ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಿದ್ದಳು.

ಆ್ಯರೋಟೌನ್ ಅಂಚಿನಲ್ಲಿ ಚೀನೀ ಗಣಿಗಾರರ ಗುಡಿಸಲುಗಳೂ ಇವೆ. ಮೊದಲು ಬಂದವರು ಬೇರೆ ಕಡೆ ಹೊರಟುಹೋದ ಮೇಲೆ, 1866ರಿಂದ ಇವರನ್ನು ಕರೆಸಿಕೊಂಡರು. 1881ರಲ್ಲಿ ದೇಶಕ್ಕೆ ಹೊಸದಾಗಿ ಬರುವ ಚೀನೀಯರ ಮೇಲೆ ತಲೆಗೆ 10 ಪೌಂಡ್ ತೆರಿಗೆ ಹಾಕಿದರು. ನಾನು ಒಳಗೆ ಹೊಕ್ಕ ಗುಡಿಸಲಿನ ಬಾಗಿಲಲ್ಲಿ ತಲೆ ಬಗ್ಗಿಸಲೇಬೇಕಾಯಿತು.

ವಾಪಸ್ ಬರುವಾಗ ಲಾರೆನ್ಸ್ ದಾಟಿ ಗ್ಲೆನೋರ್ ಅನ್ನುವ ಕಡೆ ಮಗಳು ಕಾರು ನಿಲ್ಲಿಸಿದಳು. ರಸ್ತೆ ಬದಿಯಲ್ಲಿ ಒಂದು ಸಣ್ಣ ಸ್ಮಾರಕ. ಎಡ್ವರ್ಡ್ ಪೀಟರ್ಸ್, ಮುಂಬಯಿ ಕಡೆಯ ಮನುಷ್ಯ. 1853ರಲ್ಲಿ ಹಡಗಿನಲ್ಲಿ ಬಂದು ಇಲ್ಲಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ. ಜನ ಬ್ಲ್ಯಾಕ್ ಪೀಟರ್ ಅಂತ ಕರೆಯುತ್ತಿದ್ದರು. ಈ ಸೀಮೆಯ ಹೊಳೆಗಳಲ್ಲಿ ಚಿನ್ನ ಇದೆ ಅಂತ ಮೊದಲೇ ಕಂಡು ಹೇಳಿದವನು ಅವನು. ಅವನ ಸುಳಿವು ಹಿಡಿದು ಬಂದ ಗೇಬ್ರಿಯಲ್ ರೀಡ್ 1861ರಲ್ಲಿ ಹತ್ತಿರದ ಕಣಿವೆಯಲ್ಲಿ ದೊಡ್ಡ ನಿಕ್ಷೇಪ ಕಂಡ. ಬಹುಮಾನ, ಕಣಿವೆಗೆ ಹೆಸರು ಎರಡೂ ರೀಡ್‌ಗೆ. ಪೀಟರ್ಸ್‌ಗೆ 1885ರಲ್ಲಿ, ಮುದುಕನಾದ ಮೇಲೆ, ಸರ್ಕಾರ 50 ಪೌಂಡ್ ಕೊಟ್ಟಿತು. ಅದೂ ಊರವರು ಅಷ್ಟೇ ಹಣ ಕೂಡಿಸಿದರೆ ಅನ್ನುವ ಷರತ್ತಿನ ಮೇಲೆ. 1893ರಲ್ಲಿ ಡುನೆಡಿನ್‌ನ ಅನಾಥರ ಆಶ್ರಯದಲ್ಲಿ ತೀರಿಕೊಂಡ. ಸ್ಮಾರಕ ಬಂದದ್ದು 2009ರಲ್ಲಿ.

ನಾನು ಜೇಬಿನಿಂದ ಪುಟ್ಟ ಶೀಶೆ ತೆಗೆದೆ. ನೀರಲ್ಲಿ ಆ ಚೂರು ಮೆಲ್ಲಗೆ ತಳಕ್ಕೆ ಇಳಿಯಿತು. ಸ್ಮಾರಕದ ಮುಂದೆ ಕೈ ಮುಗಿದೆ.

"ಅಪ್ಪಾ, ಉರಿಗಾಮಲ್ಲಿ ಮಣ್ಣು ತೊಳೆದು ತೋರಿಸಿದ್ರಲ್ಲ, ಅವರದ್ದು ಹೀಗೆ ಏನಾದ್ರೂ ಇದೆಯಾ?" ಅಂದಳು ಮಗಳು.

"ನಾನಂತೂ ನೋಡಿಲ್ಲಮ್ಮ" ಅಂದೆ. "ಒಂದಾದರೂ ಹೆಸರು ಸಿಗುತ್ತಾ ಅಂತ ಊರಿಗೆ ಹೋಗಿ ಹುಡುಕ್ತೀನಿ."