ಡನ್ಮೋರ್‌ನ ಕಲ್ಲಿನ ಅನಾನಸು

ಸ್ಕಾಟ್ಲೆಂಡಿನ ಫಾಲ್ಕರ್ಕ್ ಪಟ್ಟಣದ ಉತ್ತರಕ್ಕೆ, ಫೋರ್ತ್ ನದಿಯ ಬಯಲಿನಲ್ಲಿ ಏರ್ತ್ ಎಂಬ ಹಳ್ಳಿಯಿದೆ. ಅದನ್ನು ದಾಟಿದ ಮೇಲೆ ಸಿಗುವ ಕವಲುದಾರಿಯೊಂದು ಮರಗಳ ನಡುವೆ ಸಾಗಿ, ಎತ್ತರದ ಗೋಡೆಯಿರುವ ಹಳೆಯ ತೋಟವೊಂದರ ಬಳಿ ಮುಗಿಯುತ್ತದೆ. ಆ ಗೋಡೆಯ ನಟ್ಟನಡುವೆ, ಪುಟ್ಟ ಮಂಟಪದ ನೆತ್ತಿಯ ಮೇಲೆ, ಕಲ್ಲಿನಲ್ಲಿ ಕಡೆದ ಭಾರಿ ಅನಾನಸ್ ಹಣ್ಣು ನಿಂತಿದೆ. ಒಟ್ಟು ಎತ್ತರ ಸುಮಾರು 14 ಮೀಟರ್. ಇದು ಜನ ಬಾಡಿಗೆ ಕೊಟ್ಟು ರಜೆ ಕಳೆಯುವ ಮನೆ. ಎಡಿನ್‌ಬರೊದಲ್ಲಿ ನೆಲೆಸಿರುವ ನನ್ನ ಅಕ್ಕ ಮತ್ತು ಭಾವ ಬಹಳ ಮೊದಲೇ ಇದನ್ನು ಕಾಯ್ದಿರಿಸಿದ್ದರು. ನಾಲ್ಕು ಜನ ಮಲಗಲು ಜಾಗವಿರುವುದರಿಂದ ನಾನೂ ನನ್ನ ಹೆಂಡತಿಯೂ ಅವರ ಜೊತೆಗೂಡಿದೆವು.

ನಮ್ಮೂರು ಬನವಾಸಿಯ ಕಡೆಯದು. ಅಲ್ಲಿ ಅನಾನಸು ಮಳೆ ಬಿದ್ದರೆ ತಾನಾಗಿ ಮೈತುಂಬಿಕೊಳ್ಳುವ ಬೆಳೆ. ಸೀಸನ್ನಿನಲ್ಲಿ ರಸ್ತೆ ಬದಿಯಲ್ಲೇ ರಾಶಿ ಹಾಕಿ ಮಾರುತ್ತಾರೆ. ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಇದೇ ಹಣ್ಣು ಶ್ರೀಮಂತಿಕೆಯ ಪರಾಕಾಷ್ಠೆಯಾಗಿತ್ತು. ಡನ್ಮೋರ್‌ನ ಈ ತೋಟದ ಗೋಡೆಯ ಒಳಗೆ ಪೊಳ್ಳು ಬಿಟ್ಟು, ಕುಲುಮೆ ಹೊತ್ತಿಸಿ, ಬಿಸಿ ಗಾಳಿಯನ್ನು ಹಾಯಿಸಿ, ಗಾಜಿನ ಮನೆಯಲ್ಲಿ ಉಷ್ಣವಲಯದ ಗಿಡಗಳನ್ನು ಸಾಕುತ್ತಿದ್ದರು. ಗೋಡೆಯ ಮೇಲೆ ಅಲಂಕಾರದ ಹೂಜಿಗಳಂತೆ ಕಾಣುವ ಕಲ್ಲಿನ ಪಾತ್ರೆಗಳು ನಿಜಕ್ಕೂ ಆ ಕುಲುಮೆಗಳ ಹೊಗೆ ಕೊಳವೆಗಳು ಎಂದು ಭಾವ ತೋರಿಸಿಕೊಟ್ಟಾಗ ಅಕ್ಕ, “ಒಂದು ಅನಾನಸಿಗೆ ಇಷ್ಟೊಂದು ಕಟ್ಟಿಗೆಯೆ?” ಎಂದು ಬೆರಗಾದಳು.

ಬಾಗಿಲಿನ ಮೇಲಿನ ಕಮಾನುಗಲ್ಲಿನಲ್ಲಿ 1761 ಎಂಬ ಇಸವಿ ಕೆತ್ತಿದೆ. ಕಟ್ಟಿಸಿದವನು ಡನ್ಮೋರ್‌ನ ನಾಲ್ಕನೆಯ ಅರ್ಲ್ ಜಾನ್ ಮರ್ರಿ. ಈತ ಮುಂದೆ ವರ್ಜೀನಿಯಾದ ಕೊನೆಯ ಬ್ರಿಟಿಷ್ ಗವರ್ನರ್ ಆಗಿ, ಅಮೆರಿಕನ್ನರು ದಂಗೆಯೆದ್ದಾಗ ಅಲ್ಲಿಂದ ಕಾಲ್ತೆಗೆದವನು. ಮಂಟಪವನ್ನು ಮೊದಲು ಕಟ್ಟಿಸಿ, ಅಮೆರಿಕದಿಂದ ಮರಳಿದ ಮೇಲೆ ಹಣ್ಣನ್ನು ಮೇಲೇರಿಸಿದ ಎಂದು ಕೆಲವರೂ, ಎರಡೂ ಒಂದೇ ಕಾಲದವು ಎಂದು ಕೆಲವರೂ ಹೇಳುತ್ತಾರೆ. ವಾಸ್ತುಶಿಲ್ಪಿ ಯಾರೆಂಬ ದಾಖಲೆಯೂ ಉಳಿದಿಲ್ಲ. ಆದರೆ ಕೆಲಸದ ನಯಕ್ಕೆ ದಾಖಲೆಯ ಅಗತ್ಯವಿಲ್ಲ. ಹಣ್ಣಿನ ಬುಡದಲ್ಲಿ ನಿಂತು ಮೇಲೆ ನೋಡಿದರೆ, ಕಿಟಕಿಗಳ ಚೂಪು ಕಮಾನುಗಳೇ ಮೆಲ್ಲಗೆ ಎಲೆಗಳಾಗಿ ಮಾರ್ಪಟ್ಟು ಹೊರಕ್ಕೆ ಬಾಗುವುದು ಕಾಣುತ್ತದೆ. ಇಷ್ಟೊಂದು ಎಲೆಗಳ ಸಂದಿಯಲ್ಲಿ ಮಳೆನೀರು ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದರೆ ಕಲ್ಲು ಸೀಳಿಹೋಗುತ್ತದೆ. ಅದಕ್ಕಾಗಿ ಪ್ರತಿಯೊಂದು ಎಲೆಯಿಂದಲೂ ನೀರು ಬೇರೆಬೇರೆಯಾಗಿಯೇ ಹರಿದುಹೋಗುವಂತೆ ದಾರಿ ಮಾಡಿದ್ದಾರೆ. ಎರಡೂವರೆ ಶತಮಾನದ ಹಿಮವನ್ನು ಈ ಎಲೆಗಳು ತಾಳಿಕೊಂಡಿರುವುದು ಆ ಕಲ್ಲುಕುಟಿಗರ ಮುಂದಾಲೋಚನೆಯಿಂದ. ಅವರ ಹೆಸರುಗಳು ನಮಗೆ ಸಿಗದೆ ಹೋದದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ.

ವಾಸದ ಕೋಣೆಗಳು ಹಣ್ಣಿನ ಒಳಗಿಲ್ಲ. ಅದರ ಎಡಬಲಕ್ಕೆ, ಹಿಂದೆ ತೋಟದ ಆಳುಗಳಿದ್ದ ತಗ್ಗಿನ ಕಟ್ಟಡಗಳಲ್ಲಿವೆ. ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗಬೇಕಾದರೆ ಹೊರಗೆ ಬಂದೇ ಹೋಗಬೇಕು. ಊಟ ಮುಗಿಸಿ ಮಲಗಲು ಹೊರಟಾಗ ಮಳೆ ಸುರಿಯುತ್ತಿತ್ತು. ಕೊಡೆ ಹಿಡಿದು ಒಬ್ಬೊಬ್ಬರಾಗಿ ದಾಟಿದೆವು. ಒಳಗೊಳಗೇ ಓಡಾಡುವಂತೆ ಒಂದು ಮುಚ್ಚಿಗೆ ಕಟ್ಟಿಬಿಡುವುದು ಕಷ್ಟವಿರಲಿಲ್ಲ. ಹಾಗೆ ಮಾಡದೆ, ಇರುವ ಅನನುಕೂಲವನ್ನು ಇದ್ದಂತೆಯೇ ಬಿಟ್ಟದ್ದನ್ನು ನಾನು ಮೆಚ್ಚುತ್ತೇನೆ. ಉಳಿದುಕೊಳ್ಳಲು ಬಂದವರೇ ಕಟ್ಟಡಕ್ಕೆ ಹೊಂದಿಕೊಳ್ಳಬೇಕು ಎಂಬ ನಿಲುವು ಅದರಲ್ಲಿ ಸ್ಪಷ್ಟವಾಗಿದೆ. ಟಿ.ವಿ. ಇಲ್ಲ. ಗಟ್ಟಿಮುಟ್ಟಾದ ಹಳೆಯ ಪೀಠೋಪಕರಣಗಳಿವೆ, ಆ ಸ್ಥಳಕ್ಕೆ ಸಂಬಂಧಪಟ್ಟ ಪುಸ್ತಕಗಳ ಕಪಾಟಿದೆ, ಕಟ್ಟಡದ ಚರಿತ್ರೆಯನ್ನೂ ದುರಸ್ತಿಯ ವಿವರಗಳನ್ನೂ ಒಟ್ಟುಮಾಡಿದ ದಪ್ಪ ಸಂಪುಟವಿದೆ.

ಈ ವ್ಯವಸ್ಥೆಯ ಹಿಂದಿರುವುದು ಲ್ಯಾಂಡ್‌ಮಾರ್ಕ್ ಟ್ರಸ್ಟ್. ಬ್ಯಾಂಕಿಂಗ್ ಮನೆತನದ, ಸಂಸತ್ ಸದಸ್ಯರೂ ಆಗಿದ್ದ ಜಾನ್ ಸ್ಮಿತ್ ಮತ್ತು ಅವರ ಪತ್ನಿ ಕ್ರಿಶ್ಚಿಯನ್ 1965ರಲ್ಲಿ ಇದನ್ನು ಹುಟ್ಟುಹಾಕಿದರು. ಅರಮನೆಗಳನ್ನೂ ದೊಡ್ಡ ಬಂಗಲೆಗಳನ್ನೂ ನೋಡಿಕೊಳ್ಳಲು ಸಂಸ್ಥೆಗಳಿದ್ದವು. ಕಾಲುವೆ ಕಾಯುವವನ ಮನೆ, ನೀರಿನ ಗೋಪುರ, ತೋಟದ ಮಂಟಪ ಇಂಥ ಸಣ್ಣಪುಟ್ಟ ಕಟ್ಟಡಗಳು ಯಾರ ಲೆಕ್ಕಕ್ಕೂ ಬಾರದೆ ನೆಲಸಮವಾಗುತ್ತಿದ್ದವು. ಅವನ್ನು ದುರಸ್ತಿ ಮಾಡಿ, ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಟ್ಟು, ಬಂದ ಹಣದಿಂದ ಅವನ್ನೇ ಸುಸ್ಥಿತಿಯಲ್ಲಿಡುವುದು ಅವರ ಉಪಾಯ. ಇಂದು ಟ್ರಸ್ಟಿನ ಕೈಯಲ್ಲಿ ಸುಮಾರು 200 ಕಟ್ಟಡಗಳಿವೆ. ಅವುಗಳಲ್ಲಿ ಕೋಟೆಯ ಬುರುಜುಗಳಿವೆ, ಹಳೆಯ ಸೆರೆಮನೆಯ ಹೆಬ್ಬಾಗಿಲೂ ಇದೆ. ಡಾರ್ಸೆಟ್‌ನ ಕಡಲಂಚಿನ ಬಂಡೆ ಕುಸಿಯುತ್ತಾ ಬಂದಾಗ, ಅದರ ತುದಿಯಲ್ಲಿದ್ದ ಕ್ಲಾವೆಲ್ ಗೋಪುರವನ್ನು ಕಲ್ಲು ಕಲ್ಲಾಗಿ ಬಿಚ್ಚಿ, 25 ಮೀಟರ್ ಹಿಂದಕ್ಕೆ ಸಾಗಿಸಿ ಮತ್ತೆ ಕಟ್ಟಿದವರೂ ಇವರೇ. ಡನ್ಮೋರ್‌ನ ಅನಾನಸಿನ ಒಡೆತನ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂಸ್ಥೆಯದು. 1970ರ ದಶಕದಲ್ಲಿ ಲ್ಯಾಂಡ್‌ಮಾರ್ಕ್ ಇದನ್ನು ಗುತ್ತಿಗೆಗೆ ಪಡೆದು ದುರಸ್ತಿ ಮಾಡಿಸಿತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬಾಡಿಗೆಯ ಹಣದಿಂದ ಪಾಳುಬಿದ್ದ ಕಟ್ಟಡವನ್ನು ಎತ್ತಿ ನಿಲ್ಲಿಸಲು ಆಗುವುದಿಲ್ಲ. ಅದಕ್ಕೆ ದಾನಿಗಳೂ ಲಾಟರಿ ನಿಧಿಯಂಥ ಸಾರ್ವಜನಿಕ ನೆರವೂ ಬೇಕು. ಎತ್ತಿ ನಿಲ್ಲಿಸಿದ ಮೇಲೆ ಪ್ರತಿವರ್ಷ ಬರುವ ಸುಣ್ಣ, ಸೀಸದ ತಗಡು, ಮಾಡಿನ ಅಂಚಿನ ಮಳೆನೀರಿನ ದೋಣಿ ಶುಚಿ ಮಾಡುವ ಕೂಲಿ ಇತ್ಯಾದಿಗಳನ್ನು ತೂಗಿಸುವುದು ಬಾಡಿಗೆ. ದುರಸ್ತಿಗೆ ಒಮ್ಮೆ ಹಣ ಹೊಂದಿಸುವುದಕ್ಕಿಂತ ಈ ವರ್ಷವರ್ಷದ ಖರ್ಚನ್ನು ಹೊಂದಿಸುವುದೇ ಕಷ್ಟವೆಂದು ನಮ್ಮ ಕಡೆಯ ಹಳೆಯ ಮನೆಗಳನ್ನು ಕಂಡ ಯಾರಿಗಾದರೂ ಗೊತ್ತು. ಮಲೆನಾಡಿನಲ್ಲಿ ಬೀಗ ಹಾಕಿದ ಮನೆ ಹೆಚ್ಚು ಮಳೆಗಾಲ ತಡೆಯುವುದಿಲ್ಲ. ಒಂದು ಹಂಚು ಸರಿದದ್ದನ್ನು ನೋಡುವವರಿಲ್ಲದೆ ನೀರಿಳಿಯುತ್ತದೆ, ತೊಲೆಗೆ ಒರಲೆ ಹತ್ತುತ್ತದೆ, ಮಣ್ಣಿನ ಗೋಡೆ ಕೂರುತ್ತದೆ. ಒಲೆ ಉರಿಯುತ್ತಿದ್ದರೆ, ದಿನಕ್ಕೊಮ್ಮೆಯಾದರೂ ಯಾರಾದರೂ ಮಾಡನ್ನು ಕತ್ತೆತ್ತಿ ನೋಡುತ್ತಿದ್ದರೆ, ಅದೇ ಮನೆ ನೂರು ವರ್ಷ ಬಾಳುತ್ತದೆ. ಬಾಡಿಗೆಗೆ ಬಂದವರು ಹಣದ ಜೊತೆಗೆ ಈ ಕಣ್ಣನ್ನೂ ಕೊಡುತ್ತಾರೆ. ನಾವಿದ್ದ ಕೋಣೆಯ ಕಿಟಕಿಯ ಕೊಂಡಿಯೊಂದು ಸಡಿಲವಾಗಿತ್ತು. ಅಕ್ಕ ಅದನ್ನು ಕೂಡಲೇ ಫೋನ್ ಮಾಡಿ ತಿಳಿಸಿದಳು. ಖಾಲಿ ಕಟ್ಟಡದಲ್ಲಾಗಿದ್ದರೆ ಅದು ಗಾಳಿಗೆ ಬಡಿದು ಗಾಜು ಒಡೆಯುವ ತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈ ಮನೆಗಳಲ್ಲಿ ತಂಗುವವರು ತಮ್ಮ ಅನುಭವ ಬರೆದಿಡಲು ಒಂದು ಪುಸ್ತಕವಿರುತ್ತದೆ. ರಾತ್ರಿ ಅದನ್ನು ಗಟ್ಟಿಯಾಗಿ ಓದಿಕೊಂಡೆವು. ಎಲ್ಲಿ ಒಳ್ಳೆಯ ರೊಟ್ಟಿ ಸಿಗುತ್ತದೆ, ಕೊಳದ ಬಳಿ ಯಾವ ಹಕ್ಕಿ ಕಂಡಿತು, ಯಾವ ಹೊತ್ತಿನಲ್ಲಿ ಬಿಸಿಲು ಎಲೆಗಳ ಮೇಲೆ ಬೀಳುತ್ತದೆ ಎಂಬ ವಿವರಗಳ ನಡುವೆ ಮಕ್ಕಳು ಬರೆದ ಅನಾನಸಿನ ಚಿತ್ರಗಳಿದ್ದವು. ಅಕ್ಕ ಕನ್ನಡದಲ್ಲೇ ಬರೆದಳು: ಸಾರಿಗೆ ಒಗ್ಗರಣೆ ಹಾಕಿದ್ದನ್ನೂ, ಇಂಗಿನ ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟದ್ದನ್ನೂ.

ಬಾಡಿಗೆ ಎಲ್ಲರ ಕೈಗೆಟುಕುವಂಥದಲ್ಲ ಎಂಬ ಆಕ್ಷೇಪ ನಿಜ. ತೋಟ ಮಾತ್ರ ಎಲ್ಲರಿಗೂ ತೆರೆದಿದೆ. ಹಗಲು ಹೊತ್ತು ಜನ ಬಂದು ಹುಲ್ಲಿನ ಮೇಲೆ ಕುಳಿತು ಹೋಗುತ್ತಿದ್ದರು. ಟ್ರಸ್ಟ್ ಕೆಲವು ಕಟ್ಟಡಗಳನ್ನು ವರ್ಷದ ಕೆಲವು ದಿನ ಸಾರ್ವಜನಿಕರಿಗೆ ಉಚಿತವಾಗಿ ತೆರೆಯುತ್ತದೆ, ಸೇವಾಸಂಸ್ಥೆಗಳಿಗೆ ಉಚಿತ ವಾಸದ ಅವಕಾಶವನ್ನೂ ಕೊಡುತ್ತದೆ. ರಜೆಯ ಬಾಡಿಗೆಮನೆಗಳು ಹೆಚ್ಚಿ ಊರಿನವರಿಗೇ ಮನೆ ಸಿಗದಂತಾಗಿದೆ ಎಂಬ ದೂರು ಬ್ರಿಟನ್ನಿನ ಕಡಲತೀರದ ಹಳ್ಳಿಗಳಲ್ಲಿ ಗಟ್ಟಿಯಾಗಿಯೇ ಇದೆ, ಅದು ನ್ಯಾಯವೂ ಹೌದು. ಆದರೆ ಕೊಡೆ ಹಿಡಿದು ಮಲಗುವ ಕೋಣೆಗೆ ಹೋಗಬೇಕಾದ ಮನೆಯಲ್ಲಿ ಯಾವ ಸಂಸಾರ ವರ್ಷಪೂರ್ತಿ ಬಾಳಲು ಬರುತ್ತಿತ್ತು? ಬೇರೆ ಉಪಯೋಗವೇ ಇಲ್ಲದ ಕಟ್ಟಡಕ್ಕೆ ಈ ದಾರಿ ಸರಿಯಾದದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಹೊರಡುವ ಮುನ್ನ ಸಮೀಪದ ಡನ್ಮೋರ್ ಪಾರ್ಕ್ ನೋಡಲು ನಡೆದೆವು. 1820ರ ದಶಕದಲ್ಲಿ, ಮುಂದೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನು ರೂಪಿಸಿದ ವಿಲಿಯಂ ವಿಲ್ಕಿನ್ಸ್, ಅರ್ಲ್ ಮನೆತನಕ್ಕಾಗಿ ಕಟ್ಟಿದ ಮಹಲು ಅದು. ಈಗ ಪಾಳುಬಿದ್ದಿದೆ, ಬೇಲಿಯಾಚೆಗೆ ನಿಂತು ನೋಡಬಹುದು ಅಷ್ಟೆ. ಒಡೆಯರ ಮಹಲು ಹಾಳಾಗಿ, ಅವರ ಹಣ್ಣಿನ ತೋಟದ ಮಂಟಪ ಉಳಿಯಿತು. ಇಷ್ಟು ಕೆಟ್ಟ ಮೇಲೆ ಏನೂ ಮಾಡಲಾಗದು ಎಂದು ನಾನು ಹೇಳಿದ್ದಕ್ಕೆ ಭಾವ ಒಪ್ಪಲಿಲ್ಲ. ವಾರಿಕ್‌ಶೈರ್‌ನ ಆಸ್ಟ್ಲಿ ಕೋಟೆಮನೆ 1978ರಲ್ಲಿ ಬೆಂಕಿಗೆ ತುತ್ತಾಗಿ ದಶಕಗಳ ಕಾಲ ಚಾವಣಿಯಿಲ್ಲದೆ ನಿಂತಿತ್ತು. ಲ್ಯಾಂಡ್‌ಮಾರ್ಕ್ ಅದರ ಮುರುಕು ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳ ಒಳಗೆ ಇಟ್ಟಿಗೆ, ಮರ, ಗಾಜಿನಿಂದ ಹೊಸ ಮನೆಯೊಂದನ್ನು ಕೂರಿಸಿತು. 2013ರಲ್ಲಿ ಅದಕ್ಕೆ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿ ಬಂತು. “ಅಲ್ಲಿ ಆದದ್ದು ಇಲ್ಲೂ ಆಗಬಹುದು, ಹಣ ಹೊಂದಿಸುವವರು ಬೇಕು ಅಷ್ಟೆ” ಎಂದರು ಭಾವ. ನಿಲ್ದಾಣಕ್ಕೆ ಮರಳುವ ದಾರಿಯಲ್ಲಿ ಅಕ್ಕ ಆಸ್ಟ್ಲಿಯಲ್ಲಿ ಯಾವ ತಿಂಗಳು ಜಾಗ ಖಾಲಿಯಿದೆಯೆಂದು ಹುಡುಕಲು ಶುರುಮಾಡಿದಳು.